ಅಡಿಕೆ ಸಿಪ್ಪೆಯ ಇದ್ದಿಲಿನಲ್ಲಿ ಕಬ್ಬಿಣ: ಶಿರಸಿಯ ತೋಟದಿಂದ ನನ್ನ ಅನುಭವ

ಅದಿರಿನಲ್ಲಿ ಕಬ್ಬಿಣವು ಆಮ್ಲಜನಕದೊಂದಿಗೆ ಬಿಗಿಯಾಗಿ ಕೂಡಿಕೊಂಡಿರುತ್ತದೆ. ಆ ಆಮ್ಲಜನಕವನ್ನು ಬಿಡಿಸಿ ತೆಗೆಯುವುದೇ ಕಬ್ಬಿಣ ತಯಾರಿಕೆಯ ತಿರುಳು. ಈ ಕೆಲಸದಲ್ಲಿ ಕಲ್ಲಿದ್ದಲಿಗೆ ಎರಡು ಹೊಣೆಗಳಿವೆ: ಉರಿದು ಶಾಖ ಕೊಡುವುದು ಒಂದು, ತನ್ನ ಇಂಗಾಲದ ಮೂಲಕ ಅದಿರಿನ ಆಮ್ಲಜನಕವನ್ನು ಸೆಳೆದುಕೊಳ್ಳುವುದು ಇನ್ನೊಂದು. ಎರಡರ ಕೊನೆಯಲ್ಲೂ ಹೊರಬೀಳುವುದು ಕಾರ್ಬನ್ ಡೈಆಕ್ಸೈಡ್. ಊದುಕುಲುಮೆಯ (ಬ್ಲಾಸ್ಟ್ ಫರ್ನೇಸ್) ಮಾರ್ಗದಲ್ಲಿ ಒಂದು ಟನ್ ಉಕ್ಕು ತಯಾರಾಗುವ ಹೊತ್ತಿಗೆ ಎರಡು ಟನ್ನಿಗೂ ಮಿಕ್ಕಿ ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಸೇರಿರುತ್ತದೆ. ಜಗತ್ತಿನ ಒಟ್ಟು ಹೊರಸೂಸುವಿಕೆಯಲ್ಲಿ ಉಕ್ಕಿನ ಉದ್ಯಮದ ಪಾಲು ಶೇ 7ರ ಆಸುಪಾಸಿನಲ್ಲಿದೆ. ಈ ಎರಡೂ ಹೊಣೆಗಳನ್ನು ಗಿಡಮರಗಳ ಇಂಗಾಲವೂ ಹೊರಬಲ್ಲದು, ಮತ್ತು ಆ ಇಂಗಾಲವು ಕೆಲವೇ ವರ್ಷಗಳ ಹಿಂದೆ ಗಾಳಿಯಿಂದ ಎಲೆಗೆ ಇಳಿದದ್ದಾದ್ದರಿಂದ ಅದು ಮರಳಿ ಗಾಳಿಗೆ ಹೋದರೆ ಹೊಸ ಹೊರೆಯಾಗುವುದಿಲ್ಲ. ಈ ಮಾತನ್ನು ಪುಸ್ತಕದಲ್ಲಿ ಓದುವುದು ಸುಲಭ. ಶಿರಸಿಯ ಹತ್ತಿರದ ನಮ್ಮ ತೋಟದಲ್ಲಿ ಅಡಿಕೆ ಸಿಪ್ಪೆಯನ್ನು ಇದ್ದಿಲು ಮಾಡಿ, ಅದರಿಂದ ಅದಿರನ್ನು ಕಬ್ಬಿಣವಾಗಿಸುವವರೆಗೆ ನಾನೂ ನನ್ನ ಜೊತೆಗಾರರೂ ನಡೆದ ದಾರಿಯನ್ನು, ಇಂಥ ಕೆಲಸಕ್ಕೆ ಕೈಹಾಕಬೇಕೆಂದಿರುವವರಿಗೆ ಉಪಯೋಗವಾಗುವಂತೆ ಇಲ್ಲಿ ಬರೆಯುತ್ತಿದ್ದೇನೆ.

ನಾನು ಓದಿದ್ದು ಲೋಹಶಾಸ್ತ್ರ. ಊರಿಗೆ ಮರಳುವ ಮೊದಲು ಕೊಪ್ಪಳದ ಕಡೆಯ ಒಂದು ಸ್ಪಾಂಜ್ ಐರನ್ (ಅದಿರನ್ನು ಕರಗಿಸದೆಯೇ ಪಡೆಯುವ ರಂಧ್ರಮಯ ಕಬ್ಬಿಣ) ಘಟಕದಲ್ಲಿ ಕೆಲಸ ಮಾಡಿದ್ದೆ. ಸ್ಪಾಂಜ್ ಐರನ್ ಉತ್ಪಾದನೆಯಲ್ಲಿ ಭಾರತ ಜಗತ್ತಿಗೇ ಮೊದಲನೆಯದು, ಮತ್ತು ಅದರಲ್ಲಿ ದೊಡ್ಡ ಪಾಲು ತಯಾರಾಗುವುದು ಬಳ್ಳಾರಿ, ಕೊಪ್ಪಳದಂಥ ಕಡೆಗಳಲ್ಲಿ ಸಾಲಾಗಿ ನಿಂತಿರುವ ಕಲ್ಲಿದ್ದಲಿನ ರೋಟರಿ ಕಿಲನ್‌ಗಳಲ್ಲಿ. ನಿಧಾನವಾಗಿ ಉರುಳುವ ಉದ್ದನೆಯ ಕೊಳವೆಯೊಳಗೆ ಅದಿರು ಮತ್ತು ಕಲ್ಲಿದ್ದಲು ಒಟ್ಟಿಗೆ ಸಾಗುತ್ತ, ಸುಮಾರು 1000 ಡಿಗ್ರಿ ಶಾಖದಲ್ಲಿ, ಕರಗದೆಯೇ ಅದಿರು ಕಬ್ಬಿಣವಾಗುವ ವಿಧಾನವದು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಕಾಲು ಭಾಗಕ್ಕೂ ಹೆಚ್ಚು, ಕೆಲವೊಮ್ಮೆ ಮೂರನೇ ಒಂದು ಭಾಗಕ್ಕೂ ಮೀರಿ ಬೂದಿಯೇ ಇರುತ್ತದೆ; ಆ ಬೂದಿಯನ್ನು ಕಾಯಿಸುವುದು, ಸಾಗಿಸುವುದು, ಕೊನೆಗೆ ಗುಡ್ಡೆ ಹಾಕುವುದು ಎಲ್ಲವೂ ವ್ಯರ್ಥ ದುಡಿಮೆ. ರಜೆಗೆ ಶಿರಸಿಗೆ ಬಂದಾಗಲೆಲ್ಲ ರಸ್ತೆಬದಿಯಲ್ಲಿ ರಾಶಿ ಬಿದ್ದು ಹೊಗೆಯಾಡುವ ಅಡಿಕೆ ಸಿಪ್ಪೆಯನ್ನು ನೋಡುತ್ತಿದ್ದೆ. ಹಸಿ ಅಡಿಕೆಯ ತೂಕದಲ್ಲಿ ಶೇ 60ರಿಂದ 80 ಭಾಗ ಸಿಪ್ಪೆಯೇ. ಕಿಲನ್‌ನಲ್ಲಿ ಒಳ್ಳೆಯ ಇಂಗಾಲಕ್ಕೆ ಬರ, ಇಲ್ಲಿ ಇಂಗಾಲ ಬೀದಿಪಾಲು. ಇವೆರಡನ್ನೂ ಜೋಡಿಸಬೇಕೆಂಬ ಹಂಬಲ ಹುಟ್ಟಿದ್ದು ಹೀಗೆ.

ಆರಂಭದಲ್ಲೇ ಒಂದು ಕಟ್ಟಳೆ ಹಾಕಿಕೊಂಡೆವು: ಕಾಡಿನಿಂದ ಒಂದು ಕೋಲನ್ನೂ ತರುವುದಿಲ್ಲ. ಇದಕ್ಕೆ ಕಾರಣ ನಮ್ಮ ನೆಲದ ಇತಿಹಾಸದಲ್ಲೇ ಇದೆ. 1923ರಲ್ಲಿ ಭದ್ರಾವತಿಯ ಮೈಸೂರು ಕಬ್ಬಿಣದ ಕಾರ್ಖಾನೆ ತನ್ನ ಊದುಕುಲುಮೆಯನ್ನು ಹೊತ್ತಿಸಿದಾಗ ಅದಕ್ಕೆ ಹಾಕಿದ್ದು ಕೆಮ್ಮಣ್ಣುಗುಂಡಿಯ ಅದಿರು ಮತ್ತು ಮಲೆನಾಡಿನ ಕಟ್ಟಿಗೆಯ ಇದ್ದಿಲು. ಕಟ್ಟಿಗೆಯನ್ನು ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸಿ ಇದ್ದಿಲಿನ ಜೊತೆಗೆ ಮೆಥನಾಲ್, ಅಸಿಟೇಟ್, ಡಾಂಬರನ್ನೂ ಅಲ್ಲಿ ಪಡೆಯುತ್ತಿದ್ದರು. ತಂತ್ರಜ್ಞಾನದ ದೃಷ್ಟಿಯಿಂದ ಅದು ತನ್ನ ಕಾಲಕ್ಕೆ ಹೆಮ್ಮೆಪಡುವಂಥ ಏರ್ಪಾಡು. ಆದರೆ ಇದ್ದಿಲಿನ ಕುಲುಮೆಯ ಹಸಿವು ಎಷ್ಟೆಂಬುದನ್ನು ಸುತ್ತಲಿನ ಕಾಡು ಅನುಭವಿಸಿತು. ನಮ್ಮ ತಾಲ್ಲೂಕಿನ ಸಾಲ್ಕಣಿಯಲ್ಲಿ 1983ರ ಸೆಪ್ಟೆಂಬರ್‌ನಲ್ಲಿ ಜನ ಮರಗಳನ್ನು ಅಪ್ಪಿ ನಿಂತು ಕಡಿತವನ್ನು ತಡೆದರು. ಅಪ್ಪಿಕೋ ಚಳವಳಿ ಹುಟ್ಟಿದ ಊರಿನ ಮಗ್ಗುಲಲ್ಲಿ ಕುಳಿತು ಮರ ಸುಟ್ಟು ಕಬ್ಬಿಣ ಮಾಡುತ್ತೇವೆಂದು ಹೇಳುವುದಕ್ಕೆ ನನಗೆ ಮನಸ್ಸು ಒಪ್ಪುವುದಿಲ್ಲ. ಸೊಪ್ಪಿನ ಬೆಟ್ಟದ ದರಕೂ (ಉದುರಿದ ಒಣ ಎಲೆ) ನಮ್ಮ ಲೆಕ್ಕಕ್ಕೆ ಬರುವುದಿಲ್ಲ, ಏಕೆಂದರೆ ಅದು ಗೊಬ್ಬರವಾಗಿ ತೋಟಕ್ಕೆ ಸೇರಬೇಕಾದದ್ದು. ಉಳಿದದ್ದು ಅಡಿಕೆ ಸಿಪ್ಪೆ, ಘಟ್ಟದ ಕೆಳಗಿನಿಂದ ಬರುವ ತೆಂಗಿನ ಕರಟ, ಮತ್ತು ಮರದ ಮಿಲ್ಲುಗಳ ಹೊಟ್ಟು.

ಸಿಪ್ಪೆಯೆಂದರೆ ಎಲ್ಲವೂ ಒಂದೇ ಅಲ್ಲ, ಮತ್ತು ಇಡೀ ಕೆಲಸದ ಗುಣಮಟ್ಟ ಇಲ್ಲಿಯೇ ಅರ್ಧ ನಿಶ್ಚಯವಾಗುತ್ತದೆ. ಕೆಂಪಡಿಕೆಗಾಗಿ ಎಳೆಯ ಕಾಯಿಯನ್ನು ಹಸಿಯಾಗಿಯೇ ಸುಲಿಯುತ್ತಾರೆ. ಆ ಸಿಪ್ಪೆ ಹಸಿರು, ನೀರಿನಿಂದ ತುಂಬಿದ್ದು, ಎರಡು ದಿನ ಗುಡ್ಡೆ ಬಿದ್ದರೆ ಬಿಸಿಯೇರಿ ಕೊಳೆಯಲು ತೊಡಗುತ್ತದೆ. ಅದನ್ನು ಒಣಗಿಸಲು ಅಂಗಳವೂ ಬೇಕು, ಬಿಸಿಲೂ ಬೇಕು, ಆಳೂ ಬೇಕು, ಮತ್ತು ಅದೇ ಸಮಯದಲ್ಲಿ ಅಂಗಳವೆಲ್ಲ ಬೇಯಿಸಿದ ಅಡಿಕೆಗೆ ಮೀಸಲಾಗಿರುತ್ತದೆ. ಹಾಗಾಗಿ ಹಸಿ ಸಿಪ್ಪೆಯನ್ನು ಗೊಬ್ಬರದ ಗುಂಡಿಗೇ ಹಾಕಿರೆಂದು ಬೆಳೆಗಾರರಿಗೆ ನಾವೇ ಹೇಳುತ್ತೇವೆ. ಚಾಲಿಯ ವಿಷಯ ಬೇರೆ. ಹಣ್ಣಡಿಕೆಯನ್ನು ಇಡಿಯಾಗಿಯೇ ತಿಂಗಳಿಗೂ ಮಿಕ್ಕಿ ಬಿಸಿಲಿನಲ್ಲಿ ಒಣಗಿಸಿ ನಂತರ ಸುಲಿಯುವುದರಿಂದ, ಅದರ ಸಿಪ್ಪೆ ನಾರುನಾರಾಗಿ, ಗರಿಗರಿಯಾಗಿ, ತೇವವೆಂಬುದು ಅತಿ ಕಡಿಮೆ ಇರುವಂತೆ ಕೈಗೆ ಬರುತ್ತದೆ. ಒಣಗಿಸುವ ಖರ್ಚನ್ನು ಸೂರ್ಯನೂ ಬೆಳೆಗಾರನೂ ಮೊದಲೇ ಕೊಟ್ಟಾಗಿರುತ್ತದೆ. ಇದ್ದಿಲಿಗೆ ನಾವು ಆರಿಸಿಕೊಂಡದ್ದು ಇದನ್ನೇ. ಒದ್ದೆ ಸರಕನ್ನು ಭಟ್ಟಿಗೆ ಹಾಕಿದರೆ ಅದರ ನೀರನ್ನು ಆವಿ ಮಾಡುವುದಕ್ಕೇ ಉರಿಯೆಲ್ಲ ವ್ಯಯವಾಗಿ, ಹೊಗೆ ಹೆಚ್ಚಿ, ಇದ್ದಿಲು ಕುಗ್ಗುತ್ತದೆ.

ಚಾಲಿ ಸಿಪ್ಪೆಯ ದೊಡ್ಡ ತೊಡಕು ಅದರ ಹಗುರತನ. ಲಾರಿ ತುಂಬಿದರೂ ತೂಕ ಬರುವುದಿಲ್ಲ, ಭಟ್ಟಿ ತುಂಬಿದರೂ ಹಿಡಿ ಇದ್ದಿಲು, ಅದೂ ಬೆರಳಲ್ಲಿ ಒತ್ತಿದರೆ ಪುಡಿ. ಕುಲುಮೆಯಲ್ಲಿ ಅಂಥ ಪುಡಿಗೆ ಸ್ಥಾನವಿಲ್ಲ, ಏಕೆಂದರೆ ಊದುವ ಗಾಳಿಯ ಜೊತೆಗೇ ಅದು ಹಾರಿಹೋಗುತ್ತದೆ. ಇದಕ್ಕೆ ನಾವು ಕಂಡುಕೊಂಡ ದಾರಿಯೆಂದರೆ ಮೊದಲು ಬ್ರಿಕೆಟ್ ಒತ್ತಿ ನಂತರ ಇದ್ದಿಲು ಮಾಡುವುದು. ಸಿಪ್ಪೆಯನ್ನು ಕತ್ತರಿಸಿ, ಸ್ವಲ್ಪ ಮರದ ಹೊಟ್ಟು ಬೆರೆಸಿ, ಸ್ಕ್ರೂ ಪ್ರೆಸ್ಸಿನ ಬಿಸಿ ಕೊಳವೆಯ ಮೂಲಕ ಒತ್ತಿದಾಗ ಸಸ್ಯದೊಳಗಿನ ಲಿಗ್ನಿನ್ ಎಂಬ ಅಂಟುಪದಾರ್ಥವೇ ಮೆದುವಾಗಿ ನಾರುಗಳನ್ನು ಹಿಡಿದು ಕಟ್ಟುತ್ತದೆ. ಹೊರಗಿನ ಅಂಟು ಬೇಡ. ಹೀಗೆ ಒತ್ತಿದ ಗಟ್ಟಿ ಕೋಲನ್ನು ನಿಧಾನವಾಗಿ ಇದ್ದಿಲು ಮಾಡಿದರೆ ಅದು ತನ್ನ ಆಕಾರವನ್ನು ಉಳಿಸಿಕೊಳ್ಳುತ್ತದೆ. ಮೊದಲು ಇದ್ದಿಲು ಮಾಡಿ ನಂತರ ಗಂಜಿ ಹಾಕಿ ಉಂಡೆ ಕಟ್ಟುವ ಕ್ರಮವೂ ಇದೆ. ಅಡುಗೆ ಒಲೆಗೆ ಅದು ಸಾಕು, ಆದರೆ ಕೆಂಪಗೆ ಕಾದಾಗ ಗಂಜಿ ಸುಟ್ಟು ಉಂಡೆ ಬಿಚ್ಚಿಕೊಳ್ಳುವುದರಿಂದ ಅದಿರಿನ ಭಾರದ ಕೆಳಗೆ ಅದು ನಿಲ್ಲುವುದಿಲ್ಲ.

ಇದ್ದಿಲು ಮಾಡುವ ಭಟ್ಟಿಯನ್ನು ಇಟ್ಟಿಗೆಯ ಹೊರಗೋಡೆ, ಅದರೊಳಗೆ ಇನ್ನೂರು ಲೀಟರಿನ ಎಣ್ಣೆ ಡ್ರಮ್ಮುಗಳು ಎಂಬ ಸರಳ ಮಾದರಿಯಲ್ಲಿ ಕಟ್ಟಿಕೊಂಡೆವು. ಡ್ರಮ್ಮಿನೊಳಗೆ ಬ್ರಿಕೆಟ್ ತುಂಬಿ ಮುಚ್ಚಳವನ್ನು ಬಿಗಿದು, ಅದರಿಂದ ಹೊರಟ ಕೊಳವೆಯೊಂದನ್ನು ಡ್ರಮ್ಮಿನ ಅಡಿಗೇ ತಿರುಗಿಸಿದ್ದೇವೆ. ಆರಂಭದಲ್ಲಿ ಹೊರಗಿನಿಂದ ಉರಿ ಕೊಡಬೇಕು. ಒಳಗಿನ ಶಾಖ 280 ಡಿಗ್ರಿ ದಾಟಿದ ಮೇಲೆ ಸಿಪ್ಪೆಯಿಂದ ಹೊರಡುವ ಅನಿಲವೇ ಅಡಿಯಲ್ಲಿ ಉರಿಯತೊಡಗಿ, ಮುಂದಿನ ಕೆಲಸಕ್ಕೆ ಬೇಕಾದ ಶಾಖದ ಬಹುಭಾಗವನ್ನು ಅದೇ ಒದಗಿಸುತ್ತದೆ. ಈ ಅನಿಲವನ್ನು ಉರಿಸದೆ ಗಾಳಿಗೆ ಬಿಡುವುದು ದೊಡ್ಡ ಅಪಚಾರ. ಅದರಲ್ಲಿ ಮೀಥೇನ್ ಇರುತ್ತದೆ, ಮತ್ತು ಮೀಥೇನ್ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಕಾರ್ಬನ್ ಡೈಆಕ್ಸೈಡಿಗಿಂತ ಹಲವು ಪಟ್ಟು ಬಲಶಾಲಿ. ಮಣ್ಣು ಮುಚ್ಚಿದ ಹಳೆಯ ಕ್ರಮದ ಇದ್ದಿಲುಗೂಡುಗಳಲ್ಲಿ ಹೊಗೆ ನೇರವಾಗಿ ಹೊರಗೆ ಹೋಗುತ್ತದೆ. ಅಂಥ ಇದ್ದಿಲಿನಿಂದ ಕಬ್ಬಿಣ ಮಾಡಿ ಪರಿಸರಸ್ನೇಹಿ ಎಂದು ಹೆಸರಿಡುವುದನ್ನು ನಾನು ಒಪ್ಪಲಾರೆ.

ಭಟ್ಟಿಯ ಒಳಗೇನು ನಡೆಯುತ್ತಿದೆಯೆಂಬುದನ್ನು ಹೊಗೆ ಹೇಳುತ್ತದೆ. ಮೊದಲು ಬಿಳಿಯ ದಟ್ಟ ಹೊಗೆ, ಅದು ನೀರಿನ ಆವಿ. ನಂತರ ಹಳದಿ ಮಿಶ್ರಿತ, ಕಣ್ಣು ಉರಿಸುವ ಹೊಗೆ, ಅದರಲ್ಲಿ ಟಾರು ಮತ್ತು ಹುಳಿ ದ್ರವಗಳಿರುತ್ತವೆ. ಕೊನೆಗೆ ತೆಳುನೀಲಿ, ಆಮೇಲೆ ಕಾಣಿಸದಷ್ಟು ತಿಳಿ. ಅಡುಗೆಯ ಇದ್ದಿಲು ಮಾಡುವವರು ನೀಲಿಯಲ್ಲಿಯೇ ನಿಲ್ಲಿಸಿಬಿಡುತ್ತಾರೆ. ಅದಿರಿಗೆ ಬೇಕಾದ ಇದ್ದಿಲನ್ನು ಅಲ್ಲಿಂದಾಚೆಗೂ ಕಾಯಿಸಬೇಕು. ಕಟ್ಟಿಗೆಯ ಮೇಲೆ ನಡೆದ ಪ್ರಯೋಗಗಳ ಪ್ರಕಾರ 300 ಡಿಗ್ರಿಯಲ್ಲಿ ಮಾಡಿದ ಇದ್ದಿಲಿನಲ್ಲಿ ಸ್ಥಿರ ಇಂಗಾಲ (ಅನಿಲವಾಗಿ ಹೋಗುವುದನ್ನೂ ಬೂದಿಯನ್ನೂ ಕಳೆದು ಉಳಿಯುವ ಇಂಗಾಲ) ಶೇ 68ರಷ್ಟಿದ್ದರೆ 500 ಡಿಗ್ರಿಯಲ್ಲಿ ಶೇ 86ಕ್ಕೆ ಏರುತ್ತದೆ, ಆದರೆ ಸಿಗುವ ಇದ್ದಿಲಿನ ತೂಕ ನೂರಕ್ಕೆ 42ರಿಂದ 33ಕ್ಕೆ ಇಳಿಯುತ್ತದೆ. ಸಿಪ್ಪೆಯಲ್ಲಿ ಬೂದಿ ಹೆಚ್ಚಿರುವುದರಿಂದ ನಮ್ಮ ಇದ್ದಿಲಿನ ಸ್ಥಿರ ಇಂಗಾಲ ಶೇ 75ರ ಹತ್ತಿರವೆಂದು ಇಟ್ಟುಕೊಂಡು ಲೆಕ್ಕ ಹಾಕುತ್ತೇವೆ. ಡ್ರಮ್ಮಿನ ಮಧ್ಯಕ್ಕೆ ಶಾಖ ಅಳೆಯುವ ಕೆ ಮಾದರಿಯ ಥರ್ಮೊಕಪಲ್ ಇಳಿಬಿಟ್ಟು 500 ಡಿಗ್ರಿಯಲ್ಲಿ ಸ್ವಲ್ಪ ಹೊತ್ತು ಹಿಡಿದು ನಿಲ್ಲಿಸುವುದು ನಮ್ಮ ಕ್ರಮ. ಆರುವವರೆಗೆ ಮುಚ್ಚಳ ತೆಗೆಯಬಾರದು, ತೆಗೆದ ಇದ್ದಿಲನ್ನು ಒಂದು ದಿನವಾದರೂ ಕಟ್ಟಡದಿಂದ ದೂರವಿರಿಸಬೇಕು. ಹೊಸ ಇದ್ದಿಲು ಗಾಳಿಯ ಆಮ್ಲಜನಕವನ್ನು ಹೀರುತ್ತ ತಾನಾಗಿಯೇ ಹೊತ್ತಿಕೊಳ್ಳುವುದುಂಟು.

ಈಗ ಬೂದಿಯ ವಿಷಯ. ನನ್ನ ಮಟ್ಟಿಗೆ ಈ ಕೆಲಸದ ಅತಿ ಮುಖ್ಯವಾದ ಪಾಠವೂ, ಅತಿ ಸಂತೋಷ ಕೊಟ್ಟ ಭಾಗವೂ ಇದೇ. ಇದ್ದಿಲಿನಲ್ಲಿ ಗಂಧಕ ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಗಂಧಕದಿಂದ ಕಬ್ಬಿಣ ಕಾಯಿಸಿದಾಗ ಬಿರಿಯುವ ದೋಷ ಬರುವುದಿಲ್ಲ. ಆದರೆ ಸಿಪ್ಪೆಯ ಬೂದಿಯಲ್ಲಿ ಪೊಟ್ಯಾಷ್ (ಪೊಟ್ಯಾಸಿಯಂ ಲವಣ) ಬಹಳ. ಕುಲುಮೆಯ ಬಿಸಿ ಭಾಗದಲ್ಲಿ ಪೊಟ್ಯಾಸಿಯಂ ಆವಿಯಾಗಿ ಮೇಲೇರುತ್ತದೆ, ಮೇಲಿನ ತಂಪು ಭಾಗದಲ್ಲಿ ಅದಿರಿನ ಮೇಲೂ ಇಟ್ಟಿಗೆಯ ಮೇಲೂ ಕೂತು ಮತ್ತೆ ಸರಕಿನ ಜೊತೆಗೆ ಕೆಳಗಿಳಿಯುತ್ತದೆ. ಹೀಗೆ ಸುತ್ತುತ್ತ ಸುತ್ತುತ್ತ ಸಂಗ್ರಹವಾಗಿ, ಒಳಗೋಡೆಯ ಇಟ್ಟಿಗೆಯನ್ನು ತಿನ್ನುತ್ತದೆ, ಗೋಡೆಗೆ ಗಡ್ಡೆ ಕಟ್ಟಿಸುತ್ತದೆ, ಇದ್ದಿಲನ್ನು ಪುಡಿ ಮಾಡುತ್ತದೆ. ರೋಟರಿ ಕಿಲನ್‌ನಲ್ಲಾದರೆ ಬೇಗ ಕರಗುವ ಬೂದಿಯು ಒಳಗೋಡೆಗೆ ಬಳೆಯ ಹಾಗೆ ಅಂಟಿ ದಾರಿಯನ್ನೇ ಕಿರಿದು ಮಾಡುತ್ತದೆ. ಕಿಲನ್ ನಿಲ್ಲಿಸಿ ಒಳಗಿಳಿದು ಆ ರಿಂಗನ್ನು ಒಡೆಯುವ ಕಷ್ಟವನ್ನು ಕಂಡವರಿಗೆ ಪೊಟ್ಯಾಷಿನ ಹೆಸರೇ ಸಾಕು.

ತೋಟದವರಿಗೆ ಅದೇ ಪೊಟ್ಯಾಷ್ ಹಣ ಕೊಟ್ಟು ತರುವ ಗೊಬ್ಬರ. ಸಸ್ಯದೊಳಗಿನ ಪೊಟ್ಯಾಸಿಯಂ ಬಹುಮಟ್ಟಿಗೆ ನೀರಿನಲ್ಲಿ ಕರಗುವ ರೂಪದಲ್ಲಿರುವುದರಿಂದ, ಬ್ರಿಕೆಟ್ ಒತ್ತುವ ಮೊದಲೇ ಕತ್ತರಿಸಿದ ಸಿಪ್ಪೆಯನ್ನು ತೊಟ್ಟಿಯಲ್ಲಿ ಒಂದು ರಾತ್ರಿ ನೆನೆಸಿ ಬಸಿದರೆ ದೊಡ್ಡ ಪಾಲು ನೀರಿಗೆ ಇಳಿದುಬಿಡುತ್ತದೆ. ಬಸಿದ ಕಂದು ನೀರನ್ನು ನೇರವಾಗಿ ಸುರಿಯದೆ, ಹಳ್ಳದ ನೀರು ಬೆರೆಸಿ ತಿಳಿ ಮಾಡಿ ಅಡಿಕೆಯ ಬುಡಕ್ಕೆ ಬಿಡುತ್ತೇವೆ. ಸಿಪ್ಪೆಯಲ್ಲಿ ತೋಟ ಕಳೆದುಕೊಂಡದ್ದರಲ್ಲಿ ಬೆಲೆಬಾಳುವ ಭಾಗ ಹೀಗೆ ತೋಟಕ್ಕೇ ಮರಳುತ್ತದೆ, ಇಂಗಾಲ ಮಾತ್ರ ಕುಲುಮೆಗೆ ಹೋಗುತ್ತದೆ. ನೆನೆಸಿದ ಮೇಲೆ ಮತ್ತೆ ಒಣಗಿಸಬೇಕಾಗುತ್ತದೆ ಎಂಬುದು ನಿಜ. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ, ಅಡಿಕೆ ಒಣಗಿಸುವ ಅಟ್ಟಗಳು ಖಾಲಿಯಾದ ಮೇಲೆ, ಅದು ಕಷ್ಟವಲ್ಲ. ಮಳೆಗಾಲಕ್ಕೆ ಈ ಕೆಲಸವನ್ನು ಎಳೆಯಲೇಬಾರದು. ಸಿಪ್ಪೆಯನ್ನು ಸುಮ್ಮನೆ ಮಳೆಗೆ ಬಿಟ್ಟರೆ ಪೊಟ್ಯಾಷ್ ತೊಳೆದುಹೋಗುತ್ತದೆಯಲ್ಲ ಎಂದು ಕೇಳಿದವರಿದ್ದಾರೆ. ಹೋಗುತ್ತದೆ, ಆದರೆ ಅದು ಚರಂಡಿಗೆ ಹೋಗುತ್ತದೆ, ಜೊತೆಗೆ ಸಿಪ್ಪೆಯೂ ಕೊಳೆಯುತ್ತದೆ. ರಂಜಕ ಮಾತ್ರ ಇಷ್ಟು ಸುಲಭವಾಗಿ ಇಳಿಯುವುದಿಲ್ಲ. ಅದು ಕಬ್ಬಿಣಕ್ಕೆ ಸೇರಿದರೆ ಕಬ್ಬಿಣ ತಣ್ಣಗಿರುವಾಗ ಪೆಡಸಾಗುತ್ತದೆ, ಆದ್ದರಿಂದ ಅದಿರನ್ನು ಆರಿಸುವಾಗ ರಂಜಕ ಕಡಿಮೆಯಿರುವುದನ್ನೇ ಹುಡುಕಬೇಕು.

ಅದಿರಿಗೆ ನಾವು ಸಂಡೂರು–ಹೊಸಪೇಟೆಯ ಕಡೆಯ ಹೆಮಟೈಟ್ (ಕಬ್ಬಿಣದ ಆಕ್ಸೈಡಿನ ಕೆಂಪು ಅದಿರು) ಪುಡಿಯನ್ನು ತರಿಸಿದೆವು. ಒಂದು ಕಾಲದಲ್ಲಿ ಅದೇ ಅದಿರು ಲಾರಿಗಟ್ಟಲೆ ಯಲ್ಲಾಪುರದ ಅರಬೈಲು ಘಟ್ಟ ಇಳಿದು ಬೇಲೆಕೇರಿ, ಕಾರವಾರದ ಬಂದರುಗಳಿಂದ ಹಡಗು ಹತ್ತುತ್ತಿತ್ತು. ರಸ್ತೆಯ ಇಕ್ಕೆಲದ ಮರಗಳು ಕೆಂಪಾಗಿದ್ದದ್ದು ಈ ಜಿಲ್ಲೆಯ ಎಲ್ಲರ ನೆನಪಿನಲ್ಲಿದೆ. ರಾಜ್ಯ ಸರ್ಕಾರ 2010ರಲ್ಲಿ ರಫ್ತನ್ನು ನಿಲ್ಲಿಸಿದ ಮೇಲೆ ಆ ಸಾಲು ನಿಂತಿತು. ನಮಗೆ ಬೇಕಾದದ್ದು ಕೆಲವು ಚೀಲಗಳಷ್ಟೇ.

ಲೆಕ್ಕ ಹೀಗಿದೆ. ಶುದ್ಧ ಹೆಮಟೈಟಿನ 160 ಭಾಗದಲ್ಲಿ 112 ಭಾಗ ಕಬ್ಬಿಣವೂ 48 ಭಾಗ ಆಮ್ಲಜನಕವೂ ಇವೆ, ಮತ್ತು ಆ ಆಮ್ಲಜನಕವನ್ನು ಕಾರ್ಬನ್ ಮಾನಾಕ್ಸೈಡ್ ರೂಪದಲ್ಲಿ ಹೊರತೆಗೆಯಲು 36 ಭಾಗ ಇಂಗಾಲ ಬೇಕು. ಅಂದರೆ ಕಬ್ಬಿಣಾಂಶ ಶೇ 65ರಷ್ಟಿರುವ 100 ಕೆಜಿ ಅದಿರಿಗೆ ಸುಮಾರು 21 ಕೆಜಿ ಇಂಗಾಲ; ಸ್ಥಿರ ಇಂಗಾಲ ಶೇ 75ರಷ್ಟಿರುವ ನಮ್ಮ ಇದ್ದಿಲಿನ ಲೆಕ್ಕದಲ್ಲಿ 28 ಕೆಜಿ. ಇದು ಆಮ್ಲಜನಕ ಬಿಡಿಸುವುದಕ್ಕೆ ಮಾತ್ರ. ಶಾಖಕ್ಕೆ ಬೇರೆ ಇಂಧನ ಬೇಕೇ ಬೇಕು. ಅದಿರನ್ನೂ ಇದ್ದಿಲನ್ನೂ ಪ್ರತ್ಯೇಕವಾಗಿ ನುಣ್ಣಗೆ ಅರೆದು, ಈ ಪ್ರಮಾಣದಲ್ಲಿ ಬೆರೆಸಿ, ಕಾಕಂಬಿ ಮತ್ತು ಅರಳಿದ ಸುಣ್ಣ ಸೇರಿಸಿ, ಗೋಲಿಯ ಗಾತ್ರದ ಗುಳಿಗೆಗಳನ್ನು ಉರುಳಿಸಿಕೊಂಡೆವು. ಬ್ರಿಕೆಟ್ ಭಟ್ಟಿಯಲ್ಲಿ ಅಡಿಗೆ ಉಳಿಯುವ ಇದ್ದಿಲಿನ ಪುಡಿಯೆಲ್ಲ ಇಲ್ಲಿಗೆ ಸಲ್ಲುವುದರಿಂದ ಅದೂ ವ್ಯರ್ಥವಾಗುವುದಿಲ್ಲ. ಸುಣ್ಣಕ್ಕೆ ನಾವು ಬಳಸಿದ್ದು ಕುಮಟಾ ಕಡೆಯ ಬಳಚಿನ ಚಿಪ್ಪನ್ನು ಸುಟ್ಟು ಮಾಡಿದ ಸುಣ್ಣ. ಅಡುಗೆಮನೆಗಳಿಂದಲೂ ಮೀನುಪೇಟೆಯಿಂದಲೂ ಬಿಸಾಡಿದ ಚಿಪ್ಪನ್ನೇ ತರುತ್ತೇವೆ, ಅಳಿವೆಯ ತಳ ತೋಡಿ ತೆಗೆದ ಚಿಪ್ಪನ್ನು ಕೊಳ್ಳುವುದಿಲ್ಲ. ಸುಣ್ಣಕ್ಕೆ ಎರಡು ಕೆಲಸ: ಒಣಗಿದಾಗ ಗುಳಿಗೆಗೆ ಬಿಗಿ ಕೊಡುವುದು, ಕಾದಾಗ ಅದಿರಿನ ಮರಳಂಶದೊಡನೆ ಕೂಡಿ ಕಿಟ್ಟವಾಗಿ ಬೇರ್ಪಡುವುದು.

ಒಣಗಿದ ಗುಳಿಗೆಗಳನ್ನು ಮೂಸೆಯಲ್ಲಿಟ್ಟು, ಮೇಲೆ ಇದ್ದಿಲಿನ ಪುಡಿ ಹೊದಿಸಿ, 1100 ಡಿಗ್ರಿಗೆ ಏರಿಸಿ ಅರ್ಧ ಗಂಟೆಯವರೆಗೆ ಇಟ್ಟೆವು. ಇದ್ದಿಲಿನ ಕಣವೂ ಅದಿರಿನ ಕಣವೂ ಮೈಗೆ ಮೈ ತಾಗಿ ಕೂತಿರುವುದರಿಂದ ಕ್ರಿಯೆ ಬಹಳ ಚುರುಕು. ಅದಿರಿನಿಂದ ಬಿಡುಗಡೆಯಾದ ಕಾರ್ಬನ್ ಡೈಆಕ್ಸೈಡ್ ಪಕ್ಕದ ಇದ್ದಿಲಿನ ಕಣದಿಂದ ಇಂಗಾಲವನ್ನು ಪಡೆದು ಮತ್ತೆ ಕಾರ್ಬನ್ ಮಾನಾಕ್ಸೈಡ್ ಆಗುತ್ತದೆ, ಅದು ಮತ್ತಷ್ಟು ಆಮ್ಲಜನಕವನ್ನು ಎಳೆಯುತ್ತದೆ. ಸಸ್ಯದ ಇದ್ದಿಲು ರಂಧ್ರಮಯವಾದ್ದರಿಂದ ಈ ಸರಪಳಿ ಕಲ್ಲಿದ್ದಲಿನಿಂದ ಮಾಡುವ ಗಟ್ಟಿ ಇಂಧನವಾದ ಕೋಕ್‌ಗಿಂತ ಕಡಿಮೆ ಶಾಖದಲ್ಲೇ ಆರಂಭವಾಗುತ್ತದೆ. ಇದೇ ಗುಣ ಎತ್ತರದ ಕುಲುಮೆಯಲ್ಲಿ ತೊಡಕೂ ಆಗಬಲ್ಲದು, ಏಕೆಂದರೆ ಇದ್ದಿಲು ಕೆಳಗಿನ ಬಿಸಿ ಭಾಗವನ್ನು ತಲುಪುವ ಮೊದಲೇ ಸವೆದುಹೋಗುತ್ತದೆ.

ಪರೀಕ್ಷೆಯ ಬಗ್ಗೆ ಒಂದು ಎಚ್ಚರಿಕೆ. ಗುಳಿಗೆ ಅಯಸ್ಕಾಂತಕ್ಕೆ ಅಂಟಿತೆಂದು ಕಬ್ಬಿಣವಾಯಿತೆಂದು ತಿಳಿಯಬಾರದು. ಹೆಮಟೈಟ್ ಕಬ್ಬಿಣವಾಗುವ ದಾರಿಯಲ್ಲಿ ಮೊದಲು ಮ್ಯಾಗ್ನೆಟೈಟ್ ಆಗುತ್ತದೆ, ಅದೂ ಅಯಸ್ಕಾಂತಕ್ಕೆ ಅಂಟುತ್ತದೆ. ಆರಿದ ಗುಳಿಗೆಯನ್ನು ಅಡಿಗಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಬಡಿದರೆ ಅರೆಬೆಂದದ್ದು ಕಪ್ಪು ಪುಡಿಯಾಗುತ್ತದೆ, ಆದದ್ದು ಚಪ್ಪಟೆಯಾಗಿ ಹರಡುತ್ತದೆ. ಅರ ಹಾಕಿದ ಕಡೆ ಬೆಳ್ಳಗೆ ಹೊಳೆಯುತ್ತದೆ. ತೂಕದ ಇಳಿಕೆಯನ್ನೂ ಹೋಲಿಸಿ ನೋಡಬೇಕು. ಖಚಿತ ಅಂಕಿ ಬೇಕಾದಾಗ ನಾನು ಹಳೆಯ ಸಹೋದ್ಯೋಗಿಗಳ ಮೂಲಕ ಪ್ರಯೋಗಾಲಯಕ್ಕೆ ಕಳಿಸಿ ಲೋಹಾಂಶವನ್ನು ಅಳೆಸುತ್ತೇನೆ.

ಗುಳಿಗೆಯ ಕೆಲಸ ಕೈಗೆ ಹತ್ತಿದ ಮೇಲೆ ಆಳೆತ್ತರದ ಸಣ್ಣ ಕುಲುಮೆಯೊಂದನ್ನು ಕಟ್ಟಿದೆವು. ಹೊರಗೋಡೆಗೆ ನಮ್ಮ ನೆಲದ ಕೆಂಪು ಚಿರೆಕಲ್ಲು, ಒಳಗೆ ಬೆಂಕಿ ಇಟ್ಟಿಗೆ. ಚಿರೆಕಲ್ಲನ್ನೇ ಒಳಮೈಗೂ ಬಳಸಬಾರದೇಕೆಂದರೆ ಅದರಲ್ಲಿರುವ ಕಬ್ಬಿಣದ ಆಕ್ಸೈಡ್ ಕಾವಿಗೆ ಕಿಟ್ಟವಾಗಿ ಕರಗಿ ಇಳಿಯುತ್ತದೆ. ತಿದಿಯ ಬದಲು ವಿದ್ಯುತ್ ಬ್ಲೋವರ್. ಇದ್ದಿಲಿನ ಪದರ, ಗುಳಿಗೆಯ ಪದರ ಎಂದು ಒಂದರ ಮೇಲೊಂದು ಹಾಕುತ್ತ ಹೋದಾಗ, ಕೆಳಗೆ ಕಿಟ್ಟವು ಹರಿದು ಬಂದು, ಒಳಗೆ ಕಬ್ಬಿಣದ ಗಡ್ಡೆ ಉಳಿಯುತ್ತದೆ. ಇಲ್ಲಿ ತೆಂಗಿನ ಕರಟದ ಇದ್ದಿಲನ್ನು ಬ್ರಿಕೆಟ್ ಇದ್ದಿಲಿನೊಂದಿಗೆ ಬೆರೆಸಿದೆವು, ಏಕೆಂದರೆ ಕರಟದ್ದು ಗಟ್ಟಿ, ಬೂದಿಯೂ ಕಡಿಮೆ. ಆದರೆ ಕರಟದ ಇದ್ದಿಲಿಗೆ ಆಕ್ಟಿವೇಟೆಡ್ ಕಾರ್ಬನ್ (ನೀರು, ಗಾಳಿ ಸೋಸುವ ಇದ್ದಿಲು) ಮಾಡುವವರು ಒಳ್ಳೆಯ ಬೆಲೆ ಕೊಡುತ್ತಾರೆ. ಕಬ್ಬಿಣಕ್ಕೆ ಅದನ್ನು ದೊಡ್ಡ ಪ್ರಮಾಣದಲ್ಲಿ ಸುಡುವುದು ನ್ಯಾಯವೂ ಅಲ್ಲ, ಲಾಭವೂ ಅಲ್ಲ. ಕುಲುಮೆಯ ಬಾಯಿಯಲ್ಲಿ ಕಾರ್ಬನ್ ಮಾನಾಕ್ಸೈಡ್ ಸದಾ ಇರುತ್ತದೆ. ಅದಕ್ಕೆ ವಾಸನೆಯಿಲ್ಲ. ನಾವು ಬಯಲಿನಲ್ಲಿಯೇ ಕೆಲಸ ಮಾಡುತ್ತೇವೆ, ಅಳೆಯುವ ಮೀಟರನ್ನು ಅಂಗಿಗೆ ಸಿಕ್ಕಿಸಿಕೊಂಡೇ ಹತ್ತಿರ ಹೋಗುತ್ತೇವೆ. ಇದರಲ್ಲಿ ಯಾರಿಗೂ ವಿನಾಯಿತಿಯಿಲ್ಲ.

ಗಡ್ಡೆಯನ್ನು ಕಾಯಿಸಿ ಬಡಿದು ಕಿಟ್ಟ ಹಿಂಡುವ ಕೆಲಸವನ್ನು ಕುಮಟಾ ತಾಲ್ಲೂಕಿನ ಹಿರಿಯ ಆಚಾರಿಯೊಬ್ಬರು ವಹಿಸಿಕೊಂಡರು. ಕುಲುಮೆಗೆ ಕರಟದ ಇದ್ದಿಲು ಹಾಕಿಯೇ ಜೀವನ ಕಳೆದ ಅವರು ಮೊದಲ ಪೆಟ್ಟಿಗೇ, “ಇದ್ರಲ್ಲಿ ಗಂಧಕ ಇಲ್ಲ ತಮ್ಮಾ, ಕಲ್ಲಿದ್ದಲ ಕಬ್ಬಿಣದ ಹಾಗೆ ಅಂಚು ಬಿರೀತಾ ಇಲ್ಲ ನೋಡು” ಎಂದರು. “ಕತ್ತಿಗೆ ಆಗ್ತದಾ ಆಚಾರ್ರೇ?” ಎಂದು ಕೇಳಿದ್ದಕ್ಕೆ, “ಬೆನ್ನಿಗೆ ಆಗ್ತದೆ, ಬಾಯಿಗೆ ಉಕ್ಕು ಹಾಕ್ಬೇಕು” ಎಂಬ ಉತ್ತರ ಬಂತು. ಅದು ಸರಿಯಾದ ತೀರ್ಪು. ನಮ್ಮ ಗಡ್ಡೆಯಲ್ಲಿ ಇಂಗಾಲ ಬಹಳ ಕಡಿಮೆ, ಹದಕ್ಕೆ ಏರುವ ಗಡಸುತನ ಅದಕ್ಕಿಲ್ಲ.

ಕೈಗಾರಿಕೆಯ ಪ್ರಮಾಣದಲ್ಲಿ ಇದು ನಿಲ್ಲುತ್ತದೆಯೇ ಎಂಬುದನ್ನು ತಿಳಿಯಲು, ಒಂದು ಚಿಕ್ಕ ಸ್ಪಾಂಜ್ ಐರನ್ ಘಟಕದವರ ಒಪ್ಪಿಗೆ ಪಡೆದು, ಅವರ ಕಲ್ಲಿದ್ದಲಿನಲ್ಲಿ ಹತ್ತನೇ ಒಂದು ಭಾಗವನ್ನು ಮಾತ್ರ ಬದಲಿಸಿ ನೋಡಿದೆವು. ಸಡಿಲವಾದ ಇದ್ದಿಲನ್ನು ಕಿಲನ್‌ಗೆ ಕೊಟ್ಟರೆ ಅನಿಲದ ಜೊತೆ ಹಾರಿ ಸುಡುಕೋಣೆಗೆ ಹೋಗಿಬಿಡುತ್ತದೆಂಬುದು ಮೊದಲೇ ಗೊತ್ತಿದ್ದರಿಂದ ಬ್ರಿಕೆಟ್ ಇದ್ದಿಲನ್ನೇ ತುಂಡರಿಸಿ ಅದಿರಿನ ಕಡೆಯಿಂದ ಕೊಟ್ಟೆವು. ಇದ್ದಿಲು ಬೇಗ ಪ್ರತಿಕ್ರಿಯಿಸುವುದರಿಂದ ಪ್ರವೇಶದ ಭಾಗದ ಶಾಖವನ್ನು ಸ್ವಲ್ಪ ತಗ್ಗಿಸಬೇಕಾಯಿತು. ಕೊನೆಯಲ್ಲಿ ಅಯಸ್ಕಾಂತದಿಂದ ಬೇರ್ಪಡಿಸಿದ ಉಳಿಕೆಯಲ್ಲಿ, ಕಲ್ಲಿದ್ದಲಿನದ್ದು ಹೆಚ್ಚಾಗಿ ಬೂದಿಯಾಗಿದ್ದರೆ, ನಮ್ಮ ತುಂಡುಗಳು ಇನ್ನೂ ಇದ್ದಿಲಾಗಿಯೇ ಇದ್ದವು, ಅವನ್ನು ಆರಿಸಿ ಮತ್ತೆ ಬಳಸಬಹುದಾಗಿತ್ತು. ತೊಳೆದ ಸಿಪ್ಪೆಯ ಇದ್ದಿಲಾದ್ದರಿಂದ ರಿಂಗಿನ ತೊಂದರೆ ಹೆಚ್ಚಲಿಲ್ಲ. ತಿಂಗಳುಗಟ್ಟಲೆ ಸತತವಾಗಿ ನಡೆಸಿದ ಹೊರತು ಈ ಕೊನೆಯ ಮಾತನ್ನು ಪಕ್ಕಾ ಎನ್ನುವಂತಿಲ್ಲವೆಂದು ಘಟಕದ ಮೇಲ್ವಿಚಾರಕರು ಹೇಳಿದ್ದು ಸರಿಯೇ.

ಎಷ್ಟರ ಮಟ್ಟಿಗೆ ಈ ದಾರಿ ಹಿಗ್ಗಬಲ್ಲದೆಂಬುದನ್ನು ಮುಚ್ಚಿಡದೆ ಹೇಳಬೇಕು. ಒಂದು ಕೆಜಿ ಒಣ ಸಿಪ್ಪೆಯಿಂದ ಸುಮಾರು 300 ಗ್ರಾಂ ಇದ್ದಿಲು, ಅದರಲ್ಲಿ 225 ಗ್ರಾಂ ಇಂಗಾಲ. ಒಂದು ಕೆಜಿ ಶುದ್ಧ ಹೆಮಟೈಟನ್ನು 700 ಗ್ರಾಂ ಕಬ್ಬಿಣವಾಗಿಸಲು ಬೇಕಾದದ್ದು ಸರಿಯಾಗಿ ಅಷ್ಟೇ. ಶಾಖವನ್ನೂ ಅದರಿಂದಲೇ ಪಡೆಯುವುದಾದರೆ ಒಂದು ಟನ್ ಕಬ್ಬಿಣಕ್ಕೆ ಎರಡು ಟನ್ನಿಗೂ ಹೆಚ್ಚು ಒಣ ಸಿಪ್ಪೆ ಬೇಕು. ತೋರಣಗಲ್ಲಿನ ಕಾರ್ಖಾನೆಯೊಂದರಲ್ಲೇ ವರ್ಷಕ್ಕೆ ಕೋಟಿ ಟನ್ನಿಗೂ ಮಿಕ್ಕಿ ಉಕ್ಕು ತಯಾರಾಗುತ್ತದೆ. ಇಡೀ ದೇಶದ ಅಡಿಕೆ ಬೆಳೆಯೇ ಹತ್ತು–ಹದಿನೈದು ಲಕ್ಷ ಟನ್ನಿನ ಆಸುಪಾಸಿನದು. ಹಾಗಾಗಿ ದೊಡ್ಡ ಊದುಕುಲುಮೆಯ ಕೋಕನ್ನು ಸಿಪ್ಪೆ ಹೊರದೂಡುತ್ತದೆಂದು ನಾನು ಹೇಳುವುದಿಲ್ಲ. ಎತ್ತರದ ಕುಲುಮೆಯಲ್ಲಿ ಕೋಕ್ ಬರೀ ಇಂಧನವಲ್ಲ, ಮೇಲಿನ ಸರಕಿನ ಭಾರ ಹೊರುವ ಕಂಬವೂ ಹೌದು. ಇದ್ದಿಲಿಗೆ ಆ ಬಲವಿಲ್ಲ. ಬ್ರೆಜಿಲ್‌ನ ಮಿನಾಸ್ ಜೆರೈಸ್ ಪ್ರಾಂತ್ಯದಲ್ಲಿ ನೀಲಗಿರಿ ನೆಡುತೋಪುಗಳ ಇದ್ದಿಲಿನಿಂದ ಕಬ್ಬಿಣ ತಯಾರಾಗುವುದು ಗಿಡ್ಡ ಕುಲುಮೆಗಳಲ್ಲೇ. ದೊಡ್ಡ ಕುಲುಮೆಗಳಲ್ಲಿ ಗಾಳಿಯ ಜೊತೆಗೆ ಊದುವ ಕಲ್ಲಿದ್ದಲ ಪುಡಿಯ ಒಂದಂಶವನ್ನು ಇದ್ದಿಲಿನ ಪುಡಿ ತುಂಬಬಹುದು, ಏಕೆಂದರೆ ಅಲ್ಲಿ ಬಲದ ಪ್ರಶ್ನೆಯಿಲ್ಲ. ರಿಯೊ ಟಿಂಟೊ ಎಂಬ ಗಣಿ ಕಂಪನಿಯವರು ಬಯೋಐರನ್ ಎಂಬ ಹೆಸರಿನಲ್ಲಿ ಕೃಷಿತ್ಯಾಜ್ಯವನ್ನು ಇದ್ದಿಲು ಮಾಡದೆ ಹಾಗೆಯೇ ಅದಿರಿಗೆ ಬೆರೆಸಿ ಮೈಕ್ರೊವೇವ್ ಶಾಖ ಕೊಡುವ ವಿಧಾನವನ್ನು ಪ್ರಯೋಗಿಸಿ ನೋಡಿದ್ದಾರೆ. ಸಸ್ಯದಿಂದ ಹೊರಡುವ ಅನಿಲವೂ ಅದರಲ್ಲಿ ಅದಿರಿನ ಮೇಲೆ ಕೆಲಸ ಮಾಡುವುದರಿಂದ ನಾನದನ್ನು ಆಸಕ್ತಿಯಿಂದ ಗಮನಿಸುತ್ತಿದ್ದೇನೆ.

ನಮ್ಮಂಥವರ ಜಾಗ ಸಣ್ಣ ಕಿಲನ್‌ಗಳು ಮತ್ತು ಫೌಂಡ್ರಿಗಳಲ್ಲಿದೆ. ಕೇಂದ್ರ ಉಕ್ಕು ಸಚಿವಾಲಯವು 2024ರ ಡಿಸೆಂಬರ್‌ನಲ್ಲಿ ಹಸಿರು ಉಕ್ಕಿನ ವ್ಯಾಖ್ಯೆಯನ್ನು ಪ್ರಕಟಿಸಿ, ಒಂದು ಟನ್ ಸಿದ್ಧ ಉಕ್ಕಿಗೆ 2.2 ಟನ್‌ಗಿಂತ ಕಡಿಮೆ ಕಾರ್ಬನ್ ಡೈಆಕ್ಸೈಡ್ ಹೊರಸೂಸುವವರಿಗೆ ಮೂರರಿಂದ ಐದು ನಕ್ಷತ್ರಗಳ ಶ್ರೇಣಿಯನ್ನು ಗೊತ್ತುಮಾಡಿದೆ, 1.6ಕ್ಕಿಂತ ಕಡಿಮೆಯಾದರೆ ಐದು. ಕಲ್ಲಿದ್ದಲ ಕಿಲನ್ ನಡೆಸುವವರಿಗೆ ಈ ಗೆರೆ ದೂರವಿದೆ, ಅದಕ್ಕಾಗಿಯೇ ಅವರಲ್ಲಿ ಕೆಲವರು ಈಗ ನಮ್ಮ ಮಾತನ್ನು ಕಿವಿಗೊಟ್ಟು ಕೇಳುತ್ತಾರೆ. ಕಲ್ಲಿದ್ದಲಿಗಿಂತ ನಮ್ಮ ಇದ್ದಿಲು ಇಂದಿಗೂ ದುಬಾರಿಯೇ. ಸಾಗಣೆಯ ಹೊರೆಯನ್ನು ತಗ್ಗಿಸಲು ಸಿಪ್ಪೆಯನ್ನು ಎಂದೂ ದೂರ ಸಾಗಿಸುವುದಿಲ್ಲ. ಹತ್ತಾರು ಮನೆಗಳ ಸಿಪ್ಪೆ ಸೇರುವ ಊರಿನಲ್ಲೇ ತೊಳೆದು, ಒಣಗಿಸಿ, ಒತ್ತಿ, ಇದ್ದಿಲು ಮಾಡಿ, ಇನ್ನೂರು ಕಿಲೋಮೀಟರಿಗೂ ದೂರದ ಹೊಸಪೇಟೆಯ ಕಡೆಗೆ ಗಟ್ಟಿ ಸರಕನ್ನಷ್ಟೇ ಕಳಿಸುತ್ತೇವೆ, ಮರಳಿ ಬರುವ ಲಾರಿಯಲ್ಲಿ ನಮಗೆ ಬೇಕಾದ ಅದಿರಿನ ಚೀಲಗಳು ಬರುತ್ತವೆ. ಸಿಪ್ಪೆ ತಂದುಕೊಟ್ಟ ಬೆಳೆಗಾರನಿಗೆ ತೂಕದ ಲೆಕ್ಕದಲ್ಲಿ ಹಣವನ್ನೂ, ಕೇಳಿದರೆ ತೊಟ್ಟಿಯ ಪೊಟ್ಯಾಷ್ ನೀರನ್ನೂ ಕೊಡುತ್ತೇವೆ. ಹಣಕ್ಕಿಂತ ನೀರನ್ನೇ ಕೇಳುವವರು ಹೆಚ್ಚುತ್ತಿರುವುದರಿಂದ ಬರುವ ಚಾಲಿ ಸುಗ್ಗಿಗೆ ತೊಟ್ಟಿಯನ್ನು ದೊಡ್ಡದು ಮಾಡಿಸುತ್ತಿದ್ದೇವೆ, ಮತ್ತು ಅದರ ನೀರಿನಲ್ಲಿ ಎಷ್ಟು ಪೊಟ್ಯಾಷ್ ಇದೆಯೆಂಬುದನ್ನು ಪ್ರತಿ ಬಾರಿ ಅಳೆದು ಚೀಟಿಯಲ್ಲಿ ಬರೆದು ಕೊಡುವ ಕ್ರಮವನ್ನೂ ಆಗಿನಿಂದಲೇ ಆರಂಭಿಸುತ್ತೇವೆ.